ಒಲೆ ದಸ್ತರ್‌ಖಾನಿಗೆ ಬಂದ ರಾತ್ರಿ

ಮನೆಮಂದಿಯೆಲ್ಲ ಉಣ್ಣುವಾಗ ನೀವೂ ಅವರೊಂದಿಗೆ ಕುಳಿತು ಬಿಸಿ ಬಿಸಿ ಊಟ ಮಾಡಿದ್ದು ಯಾವಾಗ? ನೆನಪಾಗುತ್ತಿಲ್ಲವೇ? ಹಾಗಾದರೆ ಬನ್ನಿ, ಬೆಳಗಾವಿ ಜಿಲ್ಲೆಯ ಮೂರು ಊರುಗಳಿಗೆ ನನ್ನೊಂದಿಗೆ ಹೋಗಿ ಬರೋಣ.

ಕಳೆದ ಚಳಿಗಾಲದಲ್ಲಿ ಗೋಕಾಕದ ಆಪಾಳ ಮಗ ಜಪಾನಿನ ಫುಕುಓಕಾದಲ್ಲಿ ಎರಡು ವರ್ಷ ಕೆಲಸ ಮಾಡಿ ಊರಿಗೆ ಬಂದಿದ್ದ. "ಖಾಲಾ, ನಿಮ್ಮ ಕರೆಂಟ್ ಒಲೆ ತನ್ನಿ, ನಾಬೆ ಮಾಡೋಣ" ಎಂದು ಫೋನ್ ಮಾಡಿದ. ನಾಬೆ ಎಂದರೆ ಪಾತ್ರೆ. ಚಳಿಗಾಲದಲ್ಲಿ ಜಪಾನಿನವರು ಊಟದ ಮೇಜಿನ ನಡುವೆಯೇ ಒಲೆಯಿಟ್ಟು, ಕುದಿಯುವ ಸಾರಿನಲ್ಲಿ ಮಾಂಸ, ತರಕಾರಿ ಬೇಯಿಸಿಕೊಳ್ಳುತ್ತಾ ಸುತ್ತ ಕುಳಿತು ತಿನ್ನುತ್ತಾರೆ. ಆ ಊಟಕ್ಕೂ ಅದೇ ಹೆಸರು.

ನಾನಿರುವುದು ಹುಕ್ಕೇರಿಯಲ್ಲಿ. ಹೊರಗಿನವರು ಇಲ್ಲಿಗೆ ಬಂದರೆ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡುತ್ತಾರೆ. ನನಗಾದರೋ 1969ರಲ್ಲಿ ಆರಂಭವಾದ ಇಲ್ಲಿನ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಬಗ್ಗೆಯೂ ಅಷ್ಟೇ ಅಭಿಮಾನ. ಊರಿನ ಜನರೇ ಸದಸ್ಯರಾಗಿ ಮನೆಮನೆಗೆ ಬೆಳಕು ತಂದುಕೊಂಡದ್ದು ಸಣ್ಣ ಮಾತಲ್ಲ. ಒಲೆಯನ್ನು ಚೀಲಕ್ಕೆ ಹಾಕಿಕೊಂಡೆ. ನಮ್ಮದೇ ತಾಲೂಕಿನ ಸಂಕೇಶ್ವರದ ಕೆಂಪು ಮೆಣಸಿನಕಾಯಿಯನ್ನೂ ಕಟ್ಟಿಕೊಂಡೆ.

ಗೋಕಾಕ ದಾಟಿ ಮೊದಲು ತವರೂರು ಮೂಡಲಗಿಗೆ ಹೋದೆ. ಮೊದಲು ಗೋಕಾಕಕ್ಕೇ ಸೇರಿದ್ದ ಮೂಡಲಗಿ ಈಗ ಪ್ರತ್ಯೇಕ ತಾಲೂಕು. ದಾರಿಯುದ್ದಕ್ಕೂ ಕಬ್ಬು, ಗೋವಿನಜೋಳ. ತಮ್ಮನ ಹೊಲದಿಂದ ಮೂಲಂಗಿ, ಎಲೆಕೋಸು, ಗಜ್ಜರಿ, ಉಳ್ಳಾಗಡ್ಡಿ ತಪ್ಪಲು ಕಿತ್ತುಕೊಂಡೆವು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಲ್ಲಿ ನಿಲ್ಲುವುದೂ, ಈ ಹೊಲಗಳಿಗೆ ಕಾಲುವೆಯಾಗಿ ಬರುವುದೂ ಅದೇ ಘಟಪ್ರಭಾ.

ಸಂಜೆ ಸೋದರಳಿಯ ಗೋಕಾಕ ಜಲಪಾತಕ್ಕೆ ಕರೆದೊಯ್ದ. 52 ಮೀಟರ್ ಎತ್ತರದಿಂದ ಧುಮುಕುವ ನದಿ ಚಳಿಗಾಲದಲ್ಲಿ ಸೊರಗಿ, ಬಂಡೆಗಳೇ ಹೆಚ್ಚು ಕಾಣುತ್ತಿದ್ದವು. ಮೇಲೆ ತೂಗುಸೇತುವೆ, ಪಕ್ಕದಲ್ಲಿ 1885ರಲ್ಲಿ ಸ್ಥಾಪನೆಯಾದ ಹತ್ತಿಗಿರಣಿ. ಇಷ್ಟು ಸಾಧುವಾಗಿ ಕಾಣುವ ಈ ನದಿಯೇ 2019ರ ಆಗಸ್ಟ್‌ನಲ್ಲಿ ಉಕ್ಕಿ ಗೋಕಾಕಕ್ಕೆ ನುಗ್ಗಿತ್ತು. ಆಪಾಳ ಅಡುಗೆಮನೆ ಮುಳುಗಿತ್ತು. ಮನೆಯವರೆಲ್ಲ ಗಂಜಿ ಕೇಂದ್ರದಲ್ಲಿದ್ದರು.

ಆ ದಿನಗಳ ಬಗ್ಗೆ ಆಪಾ ಹೇಳಿದ ಮಾತು ನನ್ನನ್ನು ಇರಿಯಿತು. "ಮನೆ ಹೋಯಿತೆಂದು ಅತ್ತೆ, ನಿಜ. ಆದರೆ ಮಕ್ಕಳ ಪಕ್ಕದಲ್ಲಿ ಕುಳಿತು ಒಂದೇ ಹಂಡೆಯ ಅನ್ನ ಉಂಡದ್ದೂ ಅಲ್ಲಿಯೇ. ಮನೆಗೆ ಬಂದ ಮೇಲೆ ಮತ್ತೆ ಅದೇ, ಎಲ್ಲರದೂ ಮುಗಿದ ಮೇಲೆ ಒಲೆಯ ಮುಂದೆ ನಾನೊಬ್ಬಳೇ."

ಮದುವೆಯಾಗಿ ಇಪ್ಪತ್ತಾರು ವರ್ಷ. ಒಂದು ತುತ್ತು ನೆಮ್ಮದಿಯಿಂದ ಜೊತೆಗೆ ಕುಳಿತು ಉಣ್ಣಲು ಪ್ರವಾಹವೇ ಬರಬೇಕಾಯಿತೇ?

ಈಗ ನಾಬೆಯ ವಿಷಯ. ಫುಕುಓಕಾದ ಹೆಸರಾಂತ ನಾಬೆ ಮಿಝುತಾಕಿ. ಕೋಳಿಯನ್ನು ಬರೀ ನೀರಿನಲ್ಲಿ ಬೇಯಿಸುವುದು ಅದರ ಮೂಲ. ನಮ್ಮ ಯಖ್ನಿಯ ತಂಗಿ ಎನ್ನಿ! ಆರು ಜನರಿಗೆ ಒಂದು ಕಿಲೋ ಕೋಳಿಮಾಂಸ ಬಿಡಿಸಿಟ್ಟು, ಎಲುಬುಗಳನ್ನು ಮೂರು ಲೀಟರ್ ನೀರು, ಒಂದು ತುಂಡು ಶುಂಠಿ ಹಾಕಿ ಎರಡು ಗಂಟೆ ಕುದಿಸಿ ಸೋಸಿದೆವು. ಜಪಾನಿನ ಅನೇಕ ನಾಬೆಗಳಿಗೆ ಸಾಕೆ, ಮಿರಿನ್ ಎಂಬ ಮದ್ಯಗಳನ್ನು ಬೆರೆಸುತ್ತಾರೆ. ನಮಗೆ ಅವು ಬೇಡ, ಇಲ್ಲದಿದ್ದರೂ ರುಚಿಗೆ ಕೊರತೆಯಿಲ್ಲ. ಸೋಯಾ ಸಾಸ್ ಕೊಳ್ಳುವಾಗಲೂ ಬಾಟಲಿಯ ಮೇಲಿನ ಬರಹ ಓದಿ.

ಕರೆಂಟ್ ಒಲೆಗೆ ತಳ ಸಪಾಟಾದ, ಅಯಸ್ಕಾಂತ ಅಂಟುವ ಪಾತ್ರೆಯೇ ಬೇಕು. ಕುದಿಯುವ ಸಾರಿಗೆ ಮೊದಲು ತೆಳುವಾಗಿ ಕೊಯ್ದ ಕೋಳಿ, ಮೂಲಂಗಿ, ಗಜ್ಜರಿ. ಅವು ಬೆಂದ ಮೇಲೆ ಎಲೆಕೋಸು, ಪನೀರ್, ಉಳ್ಳಾಗಡ್ಡಿ ತಪ್ಪಲು. ಹಸಿಮಾಂಸ ಹಾಕುವ ಚಿಮಟವೇ ಬೇರೆ, ಬೆಂದದ್ದನ್ನು ತೆಗೆಯುವ ಸೌಟೇ ಬೇರೆ ಇರಲಿ. ಒಳಗೆ ಗುಲಾಬಿ ಬಣ್ಣ ಉಳಿದಿದ್ದರೆ ಮರಳಿ ಹಾಕಿ. ಅದ್ದಿಕೊಳ್ಳಲು ಸೋಯಾ ಸಾಸ್, ನಿಂಬೆರಸ. ಮೂಲಂಗಿ ತುರಿಗೆ ಕೆಂಪು ಮೆಣಸಿನಕಾಯಿ ಸೇರಿಸುವುದು ಜಪಾನಿನಲ್ಲೂ ಇದೆಯಂತೆ. ನಾವು ಸಂಕೇಶ್ವರದ್ದನ್ನೇ ಅರೆದು ಸೇರಿಸಿದೆವು. ತರಕಾರಿ ಹೆಚ್ಚಿದ್ದು ಮಕ್ಕಳು.

ದಸ್ತರ್‌ಖಾನ್ ಹಾಸಿ, ಚಿಕ್ಕವರ ಕೈಗೆ ಎಟುಕದಂತೆ ನಡುವೆ ಒಲೆ ಇಟ್ಟೆವು. "ಇದೇನು, ನೀರಡುಗೆ!" ಎಂದು ಭಾವ ಮುಖ ಸಿಂಡರಿಸಿದರು. ಆಪಾ ಅಭ್ಯಾಸಬಲದಿಂದ ಮೂರು ಬಾರಿ ಎದ್ದಳು. ಮೂರು ಬಾರಿಯೂ ಮಗಳು ಸೆರಗು ಹಿಡಿದು ಕೂರಿಸಿದಳು. ಅಡುಗೆಮನೆಯಿಂದ ತರುವುದಕ್ಕೆ ಏನೂ ಇರಲಿಲ್ಲ, ಒಲೆಯೇ ಇಲ್ಲಿಗೆ ಬಂದಿತ್ತಲ್ಲ! ಭಾವನಿಗೆ ಸೌಟಿನಿಂದ ಬಡಿಸಿಕೊಳ್ಳಲು ಬರಲಿಲ್ಲ. ಮೊದಲ ತುಂಡು ಜಾರಿ ಬಿತ್ತು, ಎಲ್ಲರೂ ನಕ್ಕೆವು. ಎರಡನೆಯದನ್ನು ಅವರು ಆಪಾಳ ಬಟ್ಟಲಿಗೆ ಹಾಕಿದರು. ಕೊನೆಗೆ ಜಪಾನಿನವರಂತೆ ಉಳಿದ ಸಾರಿಗೆ ಅನ್ನ ಹಾಕಿ, ಮೊಟ್ಟೆ ಒಡೆದು ಗಂಜಿಯಂತೆ ಉಂಡೆವು. "ಗಂಜಿ ಕೇಂದ್ರದ ನೆನಪಾಯಿತು" ಎಂದಳು ಆಪಾ, ನಗುತ್ತಲೇ.

ಜೊತೆಯಾಗಿ ಉಣ್ಣುವುದರಲ್ಲಿ ಬರಕತ್ತಿದೆ ಎಂದು ನಮ್ಮ ಪ್ರವಾದಿಯವರು(ಸ) ಕಲಿಸಿದ್ದಾರೆ. ನಾನದನ್ನು ಮದ್ರಸದಲ್ಲಿ ಕಲಿತೆ, ತರಗತಿಯಲ್ಲಿ ಕಲಿಸುತ್ತಲೂ ಇದ್ದೇನೆ. ಆದರೆ 'ಜೊತೆ' ಎಂಬುದರಲ್ಲಿ ಅಡುಗೆ ಮಾಡಿದವಳೂ ಸೇರಿದ್ದಾಳೆಂದು ಎಷ್ಟು ಮನೆಗಳಲ್ಲಿ ನೆನಪಿದೆ? ಅದಕ್ಕೆ ಜಪಾನಿನ ಅಡುಗೆಯೇ ಬೇಕೆಂದಿಲ್ಲ. ರೊಟ್ಟಿಯನ್ನೆಲ್ಲ ಬಡಿದಿಟ್ಟು ಒಟ್ಟಿಗೆ ಕುಳಿತರೂ ಆಯಿತು. ರೊಟ್ಟಿ ಸ್ವಲ್ಪ ಆರೀತು, ಅಷ್ಟೇ.

ಮರುದಿನ ಬೆಳಗ್ಗೆ ಆಪಾ ಎಂದಿನಂತೆ ಎಲ್ಲರಿಗೂ ತಟ್ಟೆ ಇಟ್ಟು ಒಳಗೆ ಹೊರಟಳು. ಭಾವ ರೊಟ್ಟಿ ಮುರಿಯಲಿಲ್ಲ. "ನಿನ್ನ ತಟ್ಟೆ ಎಲ್ಲಿ?" ಎಂದು ಕೇಳಿದರು.

ಸಹೋದರಿಯರೇ, ನಿಮ್ಮ ಮನೆಯಲ್ಲಿ ಯಾರೂ ಕೇಳದಿದ್ದರೆ, ಇಂದು ರಾತ್ರಿ ನಿಮ್ಮ ತಟ್ಟೆಯನ್ನು ನೀವೇ ತಂದಿಡಿ.