ಆಟದೊಳಗಿನ ಅಪಧ್ಯಾನ

ಚಿಕ್ಕಲಸಂದ್ರದ ಮನೆಯೊಂದರಲ್ಲಿ ಭಾನುವಾರ ಮಧ್ಯಾಹ್ನ ಅಕ್ಕ, ತಮ್ಮ ಇಬ್ಬರೂ ‘ಡೊಮಿನಿಯನ್’ ಆಡುತ್ತಿದ್ದರು. ಡೊನಾಲ್ಡ್ ವ್ಯಾಕರಿನೊ ರಚಿಸಿ, 2008ರಲ್ಲಿ ಪ್ರಕಟವಾದ ಈ ಆಟದಲ್ಲಿ ಪ್ರತಿಯೊಬ್ಬರೂ 10 ಎಲೆಗಳಿಂದ ಆರಂಭಿಸಿ, ಹೊಸ ಎಲೆಗಳನ್ನು ಕೊಳ್ಳುತ್ತ ತಮ್ಮ ಕಟ್ಟನ್ನು ಬೆಳೆಸಬೇಕು. ‘ಮಾಟಗಾತಿ’ಯನ್ನು ಹಾಕಿದವರಿಗೆ 2 ಎಲೆಗಳ ಲಾಭ; ಎದುರಾಳಿಗೆ ಒಂದು ಶಾಪದ ಎಲೆ. ಅದರಿಂದ ಕೊನೆಗೆ ಒಂದು ಅಂಕ ನಷ್ಟ. ಅಲ್ಲಿಯವರೆಗೆ ಅದು ಕೈಗೆ ಬಂದಾಗಲೆಲ್ಲ 5 ಎಲೆಗಳಲ್ಲಿ ಒಂದು ವ್ಯರ್ಥ.

ಗೆಲುವು ಖಚಿತವಾದ ಮೇಲೂ, ಬೇರೆ ಎಲೆಯಿದ್ದರೂ, ಅಕ್ಕ ನಗುತ್ತ ಮಾಟಗಾತಿಯನ್ನೇ ಹಾಕಿದಳು. ತಮ್ಮ ಅಳುತ್ತ ಎದ್ದುಹೋದ.

“ನಿಯಮದಲ್ಲೇ ಇದೆಯಲ್ಲ ಅಜ್ಜಿ?”

“ಚೌಕಾಬಾರದಲ್ಲಿ ನಾನೂ ಕಾಯಿ ಹೊಡೆದಿದ್ದೇನೆ ಮಗು. ಹೊಡೆಯದೆ ಒಳಮನೆಗೆ ದಾರಿಯಿಲ್ಲ. ದಾರಿ ಸಿಕ್ಕ ಮೇಲೂ ಹೊಡೆಯುವುದು ಯಾತಕ್ಕೆ?”

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳಲ್ಲಿ ಅಪಧ್ಯಾನವನ್ನು, ಅಂದರೆ ರಾಗದ್ವೇಷಗಳಿಂದ ಪರರ ಕೇಡನ್ನು ಚಿಂತಿಸುವುದನ್ನು, ಎಣಿಸಿದ್ದಾರೆ. ಇಬ್ಬರೂ ಒಪ್ಪಿದ ನಿಯಮದಂತೆ, ಗೆಲ್ಲುವುದಕ್ಕಾಗಿ ತಡೆಯೊಡ್ಡುವುದು ಆಟ. ಪ್ರಯೋಜನವಿಲ್ಲದೆ ನೋಯಿಸಿ ನಲಿಯುವುದು ಆಟವಲ್ಲ; ನಿಯಮಪುಸ್ತಕ ಅದನ್ನು ತಡೆಯಲಾರದು, ಮನಸ್ಸೇ ತಡೆಯಬೇಕು. ಅಂಗಡಿಬೀದಿಯ ಪೈಪೋಟಿಗೂ ಇದೇ ಗೆರೆ.

ಸಂಜೆ ಅಕ್ಕನೇ ತಮ್ಮನನ್ನು ಕರೆತಂದಳು. ಆಟ ಮೊದಲಿನಿಂದ ಆರಂಭವಾಯಿತು. ಮಾಟಗಾತಿಯೂ ಮೇಜಿನ ಮೇಲೆಯೇ ಇದ್ದಳು.