ಹೊಡೆತ ಸುಳ್ಳು, ಬಿದ್ದದ್ದು ಖರೆ

ಇಳಕಲ್ ಹತ್ತಿರ ಹುನಗುಂದ ರಸ್ತೆಯ ಹೊಲದಲ್ಲಿ ಹುಡುಗರು ರೀಲ್ಸ್‌ಗೆ ಫೈಟ್ ತೆಗೆಯುತ್ತಿದ್ದರು. ಬದಿಗೆ ನಿಂತ ನಮಗೆ ನಗು ಬಂತು. ಮುಷ್ಟಿಗೂ ಗಲ್ಲಕ್ಕೂ ಗೇಣು ಅಂತರ! ಆದರೆ ಹೊಡೆಸಿಕೊಳ್ಳುವವನ ಬೆನ್ನ ಹಿಂದಿನಿಂದ ಮೊಬೈಲ್ ಹಿಡಿದಾಗ ಅದೇ ಏಟು ಗಲ್ಲಕ್ಕೇ ಬಿದ್ದಂತೆ ಕಂಡಿತು. ತಾಗುವ ಹೊತ್ತಿಗೆ ಶಾಟ್ ಕತ್ತರಿಸಿ, ಢಪ್ ಅಂತ ಸದ್ದು ಹಾಕಿದರೆ ಮುಗೀತು. ಬನಶಂಕರಿ ಜಾತ್ರೆ ನಾಟಕದವರಿಗೆ ಈ ಅನುಕೂಲ ಇಲ್ಲ, ಜನ ಎಡಕ್ಕೂ ಬಲಕ್ಕೂ ಕೂತಿರುತ್ತಾರೆ.

ಸಿನಿಮಾದಲ್ಲಿ ಹೀರೋ ಮಾಳಿಗೆಯಿಂದ ಜಿಗಿಯುವಾಗ ಬರೀ ಬೆನ್ನು ಕಂಡರೆ, ಬಹಳ ಸಲ ಅದು ಅಂಥದೇ ಅಂಗಿ ತೊಟ್ಟ ಡ್ಯೂಪ್. ನೆಲದಿಂದ ಎದ್ದಾಗ ಹೀರೋನ ಮುಖ. ಜೋಡಿಸಿದರೆ ಒಬ್ಬನೇ ಮನುಷ್ಯ.

ಆದರೆ ಯಾರಾದರೂ ಖರೇನೇ ಬೀಳಬೇಕಲ್ಲ. 2016ರ ನವೆಂಬರ್ 7ರಂದು 'ಮಾಸ್ತಿಗುಡಿ' ಚಿತ್ರೀಕರಣದಲ್ಲಿ ಅನಿಲ್, ಉದಯ್ ಹೆಲಿಕಾಪ್ಟರಿನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದರು. ಡ್ಯೂಪ್‌ಗಳಲ್ಲ, ಖಳನಟರು. ಲೈಫ್ ಜಾಕೆಟ್ ಇರಲಿಲ್ಲ. ಜೊತೆಗೆ ಜಿಗಿದ ನಾಯಕ ವಿಜಯ್ ಉಳಿದರು, ಇವರಿಬ್ಬರು ಮುಳುಗಿದರು.

ಹುಡುಗರಲ್ಲೊಬ್ಬ ಕೇಳಿದ: "ಸರ, ಬಾವ್ಯಾಗ ಜಿಗಿತೀನಿ, ತಗೀತೀರೇನ್ರಿ?"

"ಬ್ಯಾಡೋ ತಮ್ಮಾ," ಅಂದೆವು. "ಫೈಟ್ ಎಷ್ಟರ ಮಾಡ್ರಿ, ಕತ್ತಲಾಗೂ ತನಕ ತಗೀತೀವಿ."