ಫೈನ್ ಅಂದ್ರೆ ಪುಡಿ

ದಸರೆ ರಜೆಗೆ ಬೆಂಗಳೂರಿನಿಂದ ತಮ್ಮನ ಮಗ ಬಂಡ್ರಿಗೆ ಬಂದಿದ್ದ. ಎರಡನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ಬಸ್ಸಿಳಿದವನಿಗೆ ಅವ್ವ ‘ಹೆಂಗದೀಯಪ್ಪಾ?’ ಎಂದಳು. ‘ಐ ಆಮ್ ಫೈನ್, ಅಜ್ಜಿ.’ ಅವ್ವ ಅವನ ಮೈಕೈ ಸವರಿ, ‘ಕೂಸು ಪುಡಿ ಆಗೀನಿ ಅಂತೈತಲ್ಲೋ’ ಎಂದು ನನ್ನ ಮುಖ ನೋಡಿದಳು.

ಅವ್ವನಿಗೆ ಬರುವ ಇಂಗ್ಲಿಷು ಎರಡೇ ಪದ: ಲಂಪ್ಸು, ಫೈನ್ಸು. ಸಂಡೂರಿನ ಗುಡ್ಡದಲ್ಲಿ ಸುತ್ತಿಗೆಯಿಂದ ಅದಿರು ಒಡೆದು ಜರಡಿ ಹಿಡಿಯುವಾಗ ಕಲಿತದ್ದು. 10 ಮಿಲಿಮೀಟರಿಗಿಂತ ದಪ್ಪದ್ದು ಲಂಪ್ಸು, ಅದಕ್ಕೆ ರೇಟು. ಕೆಳಗೆ ಬಿದ್ದದ್ದು ಫೈನ್ಸು, ಅದಕ್ಕೆ ಗಾಳಿ. ಲಂಪ್ಸು ನೇರ ಊದುಕುಲುಮೆಗೆ ಹೋಗುತ್ತದೆ. ಪುಡಿ ಸುರಿದರೆ ಒಳಗೆ ಗಾಳಿಯಾಡುವುದಿಲ್ಲ. ಅದನ್ನು ಮೊದಲು ಸುಟ್ಟು ಹೆಂಟೆ ಮಾಡಬೇಕು, ಇಲ್ಲವೇ ಉಂಡೆ ಕಟ್ಟಬೇಕು.

ತಮಾಷೆಯೆಂದರೆ ಮನೆಯ ಜರಡಿಗೆ ಈ ನ್ಯಾಯ ತಿಳಿಯದು. ಸಂಜೆ ಬಂದು, ಕೆಂಪು ಸೆರಗು ಕೊಡವಿ, ಅವ್ವ ಜೋಳದ ಹಿಟ್ಟಿಗೆ ಕೂರುತ್ತಿದ್ದಳು. ಬಳೆಗಳದ್ದು ಅದೇ ಸದ್ದು, ಮಣಿಕಟ್ಟಿನದು ಅದೇ ತಿರುವು. ಆದರೆ ಇಲ್ಲಿ ಕೆಳಗೆ ಉದುರಿದ್ದು ರೊಟ್ಟಿಗೆ, ಮೇಲೆ ಉಳಿದ ತೌಡು ಎಮ್ಮೆಗೆ. ಹಗಲು ಎಸೆದದ್ದನ್ನು ರಾತ್ರಿ ತಟ್ಟುವ ಈ ವಿದ್ಯೆಯನ್ನು ನಾನು ಹಿಟ್ಟಿನ ಬುಟ್ಟಿಯ ಪಕ್ಕ ಕೂತು ಎಷ್ಟೋ ಸಂಜೆ ನೋಡಿದ್ದೇನೆ.

ಶಾಲೆಯಲ್ಲಿ ಆಪೋಸಿಟ್ ವರ್ಡ್ಸ್ ಬರೆಸಿದಾಗ ‘ಫೈನ್’ ಎದುರು ‘ಲಂಪ್’ ಎಂದು ಬರೆದೆ. ಸೊನ್ನೆ. ಸರಿಯುತ್ತರ ‘ಕೋರ್ಸ್’ ಅಂತೆ. ನಮ್ಮ ಓಣಿಯ ಜರಡಿಯಲ್ಲಿ ಆ ಪದ ಒಮ್ಮೆಯೂ ಉಳಿದಿರಲಿಲ್ಲ, ಉದುರಿಯೂ ಇರಲಿಲ್ಲ.

ಆಮೇಲೆ ಪುಡಿಗೂ ಕಾಲ ಬಂತು. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದವರು ಫೈನ್ಸನ್ನೇ ಕೇಳಿದರು. ಯಾರೂ ಮೂಸದ ಗುಡ್ಡೆಗಳೆಲ್ಲ ಟಿಪ್ಪರ್ ಹತ್ತಿದವು. ಫೈನ್ಸ್ ಹೇರಿದ ಲಾರಿಗೆ ಓವರ್‌ಲೋಡೆಂದು ಫೈನು. ಕಟ್ಟಿ ಬಂದ ಡ್ರೈವರನನ್ನು ಕೇಳಿದರೆ ‘ಎಲ್ಲಾ ಫೈನ್’. ಒಂದು ಪದ ಮೂರು ಕೂಲಿ ದುಡಿಯಿತು. ದಾರಿಬದಿಯ ಜೋಳ ಕೆಂಪಾಯಿತು, ಕ್ರಷರು ಸ್ಕ್ರೀನುಗಳು ಬಂದು ಅವ್ವನ ಜರಡಿ ಅಟ್ಟ ಸೇರಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಆ ಮಳೆಗಾಲ ಬೇವಿನ ಎಲೆ ಹಸಿರಾಗಿರುವುದನ್ನು ಅವ್ವ ಹೊಸ ಸುದ್ದಿಯಂತೆ ಹೇಳಿದ್ದಳು. ಕೂಲಿ ಹೋದ ಪಕ್ಕದ ಮನೆಯವರಿಗೆ ಮಾತ್ರ ಹೇಳಲಿಲ್ಲ.

ತಮ್ಮನ ಮಗನಿಗೆ ಇದನ್ನೆಲ್ಲ ಹೇಳಲು ಹೋದೆ. ಅವನಿಗೆ ಹಿಡಿಸಿದ್ದು ಅಟ್ಟದ ಜರಡಿಯೊಂದೇ, ತಲೆಗಿಟ್ಟುಕೊಂಡು ಓಡಾಡಿದ. ಊರಿಗೆ ಹೋದವನು ನಿನ್ನೆ ಫೋನ್ ಮಾಡಿ ‘ಅಜ್ಜಿ, ಹೌ ಆರ್ ಯೂ?’ ಎಂದ. ಮೊಣಕಾಲು ನೀವಿಕೊಳ್ಳುತ್ತಿದ್ದ ಅವ್ವ ಒಂದು ಗಳಿಗೆ ಯೋಚಿಸಿದಳು.

‘ಇನ್ನೂ ಲಂಪ್ಸೇ ಅದೀನಪ್ಪಾ.’